ಇಂಡೋನೇಷ್ಯಾದ ವೀಡಿಯೊ ನೋಡುವುದು ಹೇಗೆ: ಸ್ಟಾರ್‌ಗಳನ್ನು ಪಕ್ಕಕ್ಕಿಡಿ, ಊರುಗಳಿಂದ ಶುರು ಮಾಡಿ

ಇಂಡೋನೇಷ್ಯಾದ ಆನ್‌ಲೈನ್ ವೀಡಿಯೊಗಳ ಮೇಲೆ ಆಸಕ್ತಿ ಹುಟ್ಟಿದವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಅಲ್ಲಿ ಜಾಸ್ತಿ ಸಬ್‌ಸ್ಕ್ರೈಬರ್ ಇರುವವರು ಯಾರು ಅಂತ ಹುಡುಕಿ, ಆ ಪಟ್ಟಿಯ ಮೇಲಿನಿಂದ ಒಂದೊಂದೇ ಚಾನೆಲ್ ತೆರೆಯುತ್ತಾ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಸಿಗುವುದು ದೊಡ್ಡ ಮನೆ, ದುಬಾರಿ ಕಾರು, ಅದ್ದೂರಿ ಮದುವೆ, ಒಬ್ಬ ಸ್ಟಾರ್ ಇನ್ನೊಬ್ಬ ಸ್ಟಾರ್ ಮನೆಗೆ ಹೋಗಿ ಮಾಡಿದ ವೀಡಿಯೊ. ಇಂಥದ್ದು ಯಾವ ದೇಶದಲ್ಲಿ ಇಲ್ಲ ಹೇಳಿ? ನಾಲ್ಕು ವೀಡಿಯೊ ನೋಡುವಷ್ಟರಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತೀರಿ.

ಇಂಡೋನೇಷ್ಯಾ ಅಂದರೆ 17,000ಕ್ಕೂ ಹೆಚ್ಚು ದ್ವೀಪ, 700ಕ್ಕೂ ಹೆಚ್ಚು ಭಾಷೆ, ಸುಮಾರು 28 ಕೋಟಿ ಜನ. ಬಹುಪಾಲು ಜನರ ಕೈಗೆ ಇಂಟರ್ನೆಟ್ ಬಂದದ್ದೇ ಮೊಬೈಲ್ ಮೂಲಕ. ಹಾಗಾಗಿ ಅಲ್ಲಿನ ಒಳ್ಳೆಯ ವೀಡಿಯೊಗಳು ಸ್ಟುಡಿಯೊದಲ್ಲಿ ಅಲ್ಲ, ಲಾರಿ ಮೇಲೆ, ಹೆದ್ದಾರಿ ಪಕ್ಕ, ನದಿ ದಂಡೆಯಲ್ಲಿ, ರಾತ್ರಿಯಿಡೀ ನಡೆಯುವ ಬೊಂಬೆಯಾಟದ ಎದುರು ಹುಟ್ಟಿವೆ. ಜಾಗ ಹಿಡಿದು ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ, ಕೊನೆಗೆ ಆ ದೊಡ್ಡ ಸ್ಟಾರ್‌ಗಳೂ ಅರ್ಥವಾಗುತ್ತಾರೆ. ಈ ಗೈಡ್ ಅದೇ ದಾರಿಯಲ್ಲಿ ಹೋಗುತ್ತದೆ.

ಮೊದಲು ಫೋನ್ ಸರಿ ಮಾಡಿಕೊಳ್ಳಿ

ಯೂಟ್ಯೂಬ್‌ಗೆ ಒಂದು ಬೇರೆ ಅಕೌಂಟ್ ಮಾಡಿಕೊಳ್ಳಿ. ನಿಮ್ಮ ಹಳೆಯ ಅಕೌಂಟಿನಲ್ಲೇ ನೋಡಿದರೆ ಯೂಟ್ಯೂಬ್ ಎರಡು ದಿನದಲ್ಲಿ ಮತ್ತೆ ಹಳೆಯ ವೀಡಿಯೊಗಳನ್ನೇ ತಂದು ಸುರಿಯುತ್ತದೆ. ಹೊಸ ಅಕೌಂಟಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಅನ್ನು ಇಂಡೋನೇಷ್ಯಾ ಅಂತ ಬದಲಿಸಿ, ಆಮೇಲೆ ಅದರಲ್ಲಿ ಬೇರೆ ಏನನ್ನೂ ನೋಡಬೇಡಿ. ಸಲಹೆಗಳು ಬೇಗ ಹದಕ್ಕೆ ಬರುತ್ತವೆ.

ಸಬ್‌ಟೈಟಲ್ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಮೊದಲು ಸಿಸಿ ಬಟನ್ ಒತ್ತಿ, ಚಾನೆಲ್‌ನವರೇ ಹಾಕಿದ ಇಂಗ್ಲಿಷ್ ಸಬ್‌ಟೈಟಲ್ ಇದೆಯಾ ನೋಡಿ. ಇದ್ದರೆ ಅದೇ ಬೆಸ್ಟ್. ಇಲ್ಲದಿದ್ದರೆ ಆಟೋ ಸಬ್‌ಟೈಟಲ್ ಹಾಕಿ, ಅದನ್ನು ಆಟೋ ಟ್ರಾನ್ಸ್‌ಲೇಟ್‌ನಲ್ಲಿ ಇಂಗ್ಲಿಷ್‌ಗೋ ಕನ್ನಡಕ್ಕೋ ಬದಲಿಸಬಹುದು. ನನ್ನ ಪ್ರಕಾರ ಸದ್ಯಕ್ಕೆ ಇಂಗ್ಲಿಷೇ ವಾಸಿ. ಕನ್ನಡದಲ್ಲಿ ವಾಕ್ಯಗಳು ತೀರಾ ಎಡವಟ್ಟಾಗಿ ಬರುತ್ತವೆ. ಇನ್ನೊಂದು ತೊಡಕಿದೆ. ಇಂಡೋನೇಷ್ಯನ್ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ. ಹಾಗಾಗಿ ಆಟೋ ಅನುವಾದದಲ್ಲಿ ಗಂಡ ಹೆಂಡತಿಯಾಗುತ್ತಾನೆ, ಅಕ್ಕ ಅಣ್ಣನಾಗುತ್ತಾಳೆ. ಕಥೆ ಗೋಜಲಾಯಿತು ಅನಿಸಿದರೆ ಅನುವಾದವನ್ನು ಬಿಟ್ಟು ಮುಖ ನೋಡಿ. ಜಾವಾನೀಸ್‌ನಂಥ ಪ್ರಾದೇಶಿಕ ಭಾಷೆಯ ಮಾತು ಬಂದರಂತೂ ಆಟೋ ಸಬ್‌ಟೈಟಲ್ ಪೂರ್ತಿ ತಡವರಿಸುತ್ತದೆ. ಅಂಥ ವೀಡಿಯೊಗಳಲ್ಲಿ ಎಷ್ಟೋ ಸಲ ಪರದೆಯ ಮೇಲೇ ಇಂಡೋನೇಷ್ಯನ್ ಅಕ್ಷರ ಇರುತ್ತದೆ. ವೀಡಿಯೊ ನಿಲ್ಲಿಸಿ, ಇನ್ನೊಂದು ಫೋನಿನ ಗೂಗಲ್ ಲೆನ್ಸ್ ಹಿಡಿದರೆ ಅರ್ಥ ಸಿಗುತ್ತದೆ.

ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ, ಇಂಡೋನೇಷ್ಯನ್‌ಗೆ ಅದೇ ಲಿಪಿ. ಒಂದೇ ನಿಯಮ ನೆನಪಿಡಿ. ಅವರು 'ಚ' ಶಬ್ದಕ್ಕೆ ಬರೀ ಸಿ ಬರೆಯುತ್ತಾರೆ, ಎಚ್ ಸೇರಿಸುವುದಿಲ್ಲ. ಕಿರುಚಿತ್ರಕ್ಕೆ 'ಫಿಲ್ಮ್ ಪೆಂಡೆಕ್', ತಮಾಷೆಗೆ 'ಲುಚು', ದೆವ್ವದ ಕಥೆಗೆ 'ಚೆರಿತಾ ಹೊರೊರ್', ಊಟ ತಿಂಡಿಗೆ 'ಕುಲಿನೆರ್', ತೊಗಲು ಬೊಂಬೆಯಾಟಕ್ಕೆ 'ವಾಯಾಂಗ್ ಕುಲಿತ್'. ಈ ಐದು ಪದ ಇದ್ದರೆ ಸಾಕು. ಪಕ್ಕದಲ್ಲಿ ಒಂದು ಊರಿನ ಹೆಸರು ಸೇರಿಸಿ: ಜೋಗ್ಜಾ (ಯೋಗ್ಯಕರ್ತ), ಮಲಾಂಗ್, ಮಕಾಸ್ಸರ್, ಪಡಾಂಗ್. ಸುಮ್ನೆ 'ಇಂಡೋನೇಷ್ಯಾ' ಅಂತ ಹುಡುಕಿದ್ದಕ್ಕಿಂತ ಎಷ್ಟೋ ಪಟ್ಟು ಒಳ್ಳೆಯ ವೀಡಿಯೊಗಳು ಬರುತ್ತವೆ.

ಟಿಕ್‌ಟಾಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿನ ಅರ್ಧ ಜಗತ್ತು ಇರುವುದೇ ಅದರಲ್ಲಿ. ಆದರೆ ಭಾರತದಲ್ಲಿ 2020ರ ಜೂನ್‌ನಿಂದ ಅದು ಬ್ಯಾನ್. ಚಿಂತೆ ಬೇಡ, ಓಡಿದ ವೀಡಿಯೊ ಯಾವುದಾದರೂ ಇನ್‌ಸ್ಟಾಗ್ರಾಂ ರೀಲ್ಸ್‌ಗೂ ಯೂಟ್ಯೂಬ್ ಶಾರ್ಟ್ಸ್‌ಗೂ ಬಂದೇ ಬರುತ್ತದೆ.

ಲೈವ್ ನೋಡುವವರಿಗೆ ಸಮಯದ ಲೆಕ್ಕ ಬೇಕು. ಆ ದೇಶದಲ್ಲಿ ಮೂರು ಟೈಮ್ ಝೋನ್ ಇವೆ. ಜಕಾರ್ತಾ, ಜಾವಾ, ಸುಮಾತ್ರಾ ಇರುವುದು ಡಬ್ಲ್ಯುಐಬಿ ಅನ್ನುವುದರಲ್ಲಿ, ಅದು ನಮಗಿಂತ ಒಂದೂವರೆ ಗಂಟೆ ಮುಂದೆ. ಪೋಸ್ಟರಿನಲ್ಲಿ ರಾತ್ರಿ 8 ಅಂತ ಇದ್ದರೆ ನಮಗೆ ಸಂಜೆ ಆರೂವರೆ.

ಮೊದಲ ವೀಡಿಯೊ ಇದಾಗಲಿ

'ತಿಲಿಕ್' ಅನ್ನುವ ಕಿರುಚಿತ್ರ ನೋಡಿ. ನಿರ್ದೇಶಕ ವಹ್ಯು ಆಗುಂಗ್ ಪ್ರಸೆತ್ಯೊ, ತಯಾರಾದದ್ದು 2018ರಲ್ಲಿ, ಯೋಗ್ಯಕರ್ತದ ಸಂಸ್ಕೃತಿ ಇಲಾಖೆಯ ಹಣದಲ್ಲಿ. ರವಚಾನಾ ಫಿಲ್ಮ್ಸ್ ಇದನ್ನು ಯೂಟ್ಯೂಬ್‌ಗೆ ಹಾಕಿದ್ದು 2020ರ ಆಗಸ್ಟ್‌ನಲ್ಲಿ. ಕೆಲವೇ ದಿನಗಳಲ್ಲಿ ಇಡೀ ದೇಶ ಇದನ್ನೇ ಮಾತಾಡಿತು.

ಕಥೆ ಇಷ್ಟೇ. ಹಳ್ಳಿಯ ಮುಖ್ಯಸ್ಥೆ ಆಸ್ಪತ್ರೆಯಲ್ಲಿದ್ದಾರೆ. ಅವರನ್ನು ನೋಡಲು ಊರಿನ ಹೆಂಗಸರೆಲ್ಲ ಒಂದು ತೆರೆದ ಲಾರಿ ಹತ್ತಿ ಪಟ್ಟಣಕ್ಕೆ ಹೊರಟಿದ್ದಾರೆ. ಕೂರಲು ಜಾಗವಿಲ್ಲ, ನಿಂತೇ ಪ್ರಯಾಣ, ಗಾಳಿಗೆ ತಲೆವಸ್ತ್ರ ಹಾರುತ್ತಿದೆ. ಎಲ್ಲರ ನಡುವೆ ಬು ತೆಜೊ, ಕೈಗೆ ಚಿನ್ನದ ಬಳೆ, ಮೂತಿ ಒಂದು ಕಡೆಗೆ ತಿರುಗಿಸಿಕೊಂಡು ಊರಿನ ಒಬ್ಬ ಹುಡುಗಿಯ ಬಗ್ಗೆ ಮಾತು ಶುರು ಮಾಡುತ್ತಾಳೆ. ಅವಳಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು, ಯಾರ ಜೊತೆ ಓಡಾಡುತ್ತಾಳೆ, ಫೇಸ್‌ಬುಕ್‌ನಲ್ಲಿ ಏನು ಹಾಕಿದ್ದಾಳೆ. ಯು ನಿಂಗ್ ಅನ್ನುವ ಇನ್ನೊಬ್ಬಳು ಹುಡುಗಿಯ ಪರ ವಾದಿಸುತ್ತಾಳೆ. ಅರ್ಧ ಗಂಟೆಯ ಸಿನಿಮಾದ ಬಹುಭಾಗ ಲಾರಿಯ ಮೇಲೇ ನಡೆಯುತ್ತದೆ. ಬು ತೆಜೊ ಪಾತ್ರ ಮಾಡಿದ ಸಿತಿ ಫೌಝಿಯಾ ಅವರ ಮುಖ ರಾತ್ರೋರಾತ್ರಿ ವಾಟ್ಸಾಪ್ ಸ್ಟಿಕರ್ ಆಯಿತು. ಬಾಯಿ ಮಾತ್ರ ಆಡಿಸಬೇಡಿ, ದಾರಿ ಹುಡುಕಿ ಅನ್ನುವ ಅರ್ಥದ ಅವಳ ಒಂದು ಡೈಲಾಗ್ ಮೀಮ್‌ಗಳಲ್ಲಿ ಇವತ್ತಿಗೂ ಓಡಾಡುತ್ತದೆ. ಕೊನೆ ಏನು ಅಂತ ನಾನು ಹೇಳುವುದಿಲ್ಲ, ನೀವೂ ಕಾಮೆಂಟ್ ಓದುವ ಮೊದಲು ಪೂರ್ತಿ ನೋಡಿ.

ಇದನ್ನೇ ಮೊದಲು ನೋಡಿ ಅನ್ನಲು ಕಾರಣವಿದೆ. ಮಾತೆಲ್ಲ ಜಾವಾನೀಸ್. ಜಕಾರ್ತಾದ ಜನರಿಗೂ ಸಬ್‌ಟೈಟಲ್ ಬೇಕಾಯಿತು. ಟಿವಿ ಧಾರಾವಾಹಿಗಳಿಗೆ ಅಲ್ಲಿ ಸಿನೆಟ್ರೊನ್ ಅನ್ನುತ್ತಾರೆ, ಅವುಗಳಲ್ಲಿ ಬಹುಪಾಲು ಜಕಾರ್ತಾದ ಮಾತು, ಜಕಾರ್ತಾದ ಮನೆ. ಊರಿನ ಮಾತು ಅಲ್ಲಿ ಬರುವುದು ಹೆಚ್ಚಾಗಿ ಮನೆಗೆಲಸದವರ ಬಾಯಲ್ಲಿ. ಆನ್‌ಲೈನ್ ವೀಡಿಯೊ ಅದನ್ನು ತಿರುಗಿಸಿತು. ಮಲಾಂಗ್‌ನ ಬಾಯು ಸ್ಕಾಕ್ ಪೂರ್ವ ಜಾವಾದ ಒರಟು ಮಾತಿನಲ್ಲೇ ಯೂಟ್ಯೂಬ್ ಮಾಡಿ ಹೆಸರಾದ, 2018ರಲ್ಲಿ ಅದೇ ಮಾತಿನಲ್ಲಿ ಚಿತ್ರಮಂದಿರಕ್ಕೂ ಸಿನಿಮಾ ತಂದ. ತಿಲಿಕ್ ನೋಡಿ ಇಷ್ಟವಾದರೆ ಮುಂದೆ ಅವನ ಹಳೆಯ ವೀಡಿಯೊಗಳಿಗೆ ಹೋಗಿ.

ಬಸ್ಸು ಮತ್ತು ದೋಣಿ

ಇಲ್ಲಿಗೆ ಭಾಷೆಯೇ ಬೇಡ. 2016ರ ಡಿಸೆಂಬರ್‌ನಲ್ಲಿ ಲೋಕದ ತುಂಬ 'ಓಂ ತೆಲೊಲೆತ್ ಓಂ' ಅನ್ನುವ ಮೂರು ಪದ ಹಬ್ಬಿತ್ತು, ವಿದೇಶಿ ಡಿಜೆಗಳಿಗೂ ಕಾಮೆಂಟ್‌ನಲ್ಲಿ ಅದನ್ನೇ ಬರೆದು ಕಾಡಿದ್ದರು, ನಿಮಗೆ ನೆನಪಿರಬಹುದು. ಮಧ್ಯ ಜಾವಾದ ಹೆದ್ದಾರಿ ಪಕ್ಕ ಮಕ್ಕಳು ಗುಂಪಾಗಿ ನಿಂತಿರುತ್ತಾರೆ. ಕೈಯಲ್ಲಿ ರಟ್ಟಿನ ಬೋರ್ಡು, ಅದರ ಮೇಲೆ ಅದೇ ಮೂರು ಪದ, ಅಂದರೆ 'ಮಾಮಾ, ಹಾರ್ನ್ ಹೊಡಿ ಮಾಮಾ' ಅಂತ. ದೂರದ ಊರಿಗೆ ಹೋಗುವ ಬಸ್ ಹತ್ತಿರ ಬರುತ್ತದೆ, ಡ್ರೈವರ್ ನೋಡಿ ನಗುತ್ತಾನೆ, ರಾಗವಾಗಿ ಹಾರ್ನ್ ಒತ್ತುತ್ತಾನೆ, ಮಕ್ಕಳು ಫೋನ್ ಹಿಡಿದೇ ಕುಣಿಯುತ್ತಾರೆ. ಹತ್ತು ಸೆಕೆಂಡಿನ ವೀಡಿಯೊ, ಅಷ್ಟೇ.

ಇದರ ಹಿಂದೆ ದೊಡ್ಡ ಬಸ್ ಲೋಕವೇ ಇದೆ. ಬಸ್ ಹುಚ್ಚರ ಚಾನೆಲ್‌ಗಳು ನೂರಾರು. ಮಲಾಂಗ್‌ನ ಆದಿ ಪುತ್ರೊ, ಸೆಮರಾಂಗ್ ಹತ್ತಿರದ ಲಕ್ಸಾನಾ ಅನ್ನುವ ಕಂಪನಿಗಳು ಕಟ್ಟಿದ ಬಸ್ ಬಾಡಿಗಳಲ್ಲಿ ಯಾವುದು ಚೆಂದ ಅನ್ನುವ ಜಗಳ, ಜಕಾರ್ತಾದಿಂದ ಸುರಬಾಯಾವರೆಗೆ ರಾತ್ರಿ ಪ್ರಯಾಣದ ರಿವ್ಯೂ, ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ ಕಡೆ ತಟ್ಟೆಯ ಕ್ಲೋಸಪ್. ನಮ್ಮ ಹುಡುಗರು ಕೆಎಸ್ಸಾರ್ಟಿಸಿ ಬಣ್ಣ ಹಾಕಿಕೊಂಡು ಆಡುವ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಗೇಮ್ ಬಂದದ್ದು ಇದೇ ಲೋಕದಿಂದ, 2017ರಲ್ಲಿ, ಮಲೆಯೊ ಅನ್ನುವ ಕಂಪನಿಯಿಂದ. ಅದರಲ್ಲೂ ಆ ಹಾರ್ನ್ ಇದೆ.

ಆದರೆ ಈ ವೀಡಿಯೊ ನೋಡುವಾಗ ಒಂದು ವಿಷಯ ಗೊತ್ತಿರಲಿ. 2024ರ ಮಾರ್ಚ್‌ನಲ್ಲಿ ಮೆರಾಕ್ ಬಂದರಿನ ಬಳಿ ಹಾರ್ನ್ ಕೇಳಲು ಬಸ್ಸಿನ ಹಿಂದೆ ಓಡಿದ ಒಂದು ಮಗು ಚಕ್ರಕ್ಕೆ ಸಿಕ್ಕಿ ಸತ್ತಿತು. ಆಮೇಲೆ ಸಾರಿಗೆ ಸಚಿವಾಲಯ ಈ ಹಾರ್ನ್ ಬೇಡ ಅಂತ ಬಸ್ ಕಂಪನಿಗಳಿಗೆ ಹೇಳಿತು. ರಸ್ತೆಯ ಅಪಾಯ ಒಂದು ಕಡೆ. ಇನ್ನೊಂದು, ಈ ಹಾರ್ನ್ ಊದುವುದು ಒತ್ತಿಟ್ಟ ಗಾಳಿಯಿಂದ, ಬ್ರೇಕ್ ಹಿಡಿಯುವುದೂ ಅದೇ ಗಾಳಿಯಿಂದ. ಜಾಸ್ತಿ ಊದಿದರೆ ಬ್ರೇಕಿಗೆ ಗಾಳಿ ಕಡಿಮೆಯಾಗುತ್ತದೆ. ಹಾಗಾಗಿ ಮಕ್ಕಳು ಬಸ್ಸಿನ ಹಿಂದೆ ಓಡುವ ಹೊಸ ವೀಡಿಯೊ ಕಂಡರೆ ಲೈಕ್ ಒತ್ತಬೇಡಿ. ರಸ್ತೆಯಿಂದ ದೂರ ನಿಂತು ತೆಗೆದದ್ದು ಬೇಕಾದಷ್ಟಿವೆ.

ದೋಣಿಯ ವೀಡಿಯೊ ನಿಮ್ಮ ಫೋನಿಗೆ ಈಗಾಗಲೇ ಬಂದಿರುತ್ತದೆ. 2025ರ ಜುಲೈನಲ್ಲಿ ಹರಡಿದ್ದು: ಉದ್ದನೆಯ ದೋಣಿಯ ತುದಿಯಲ್ಲಿ ಕಪ್ಪು ಬಟ್ಟೆ, ಕಪ್ಪು ಕನ್ನಡಕದ ಪುಟ್ಟ ಹುಡುಗ, ಕೈ ಸುತ್ತಿಸುತ್ತಾ ತಣ್ಣಗೆ ಕುಣಿಯುತ್ತಾನೆ, ಹಿಂದೆ ದೋಣಿ ತುಂಬ ಜನ ಜೀವ ಬಿಟ್ಟು ಹುಟ್ಟು ಹಾಕುತ್ತಿದ್ದಾರೆ. ಬಹಳ ಜನ ಅದನ್ನು ನೋಡಿ ನಕ್ಕು, ತಾವೂ ಆ ಕುಣಿತ ಮಾಡಿ ಮುಂದೆ ಹೋದರು. ನೀವು ಅಲ್ಲಿಗೇ ನಿಲ್ಲಬೇಡಿ. ಅದು 'ಪಾಚು ಜಾಲುರ್', ಸುಮಾತ್ರಾದ ರಿಯಾವು ಪ್ರಾಂತ್ಯದ ಕ್ವಾಂತಾನ್ ಸಿಂಗಿಂಗಿಯ ದೋಣಿ ಓಟ. ಒಂದೇ ಮರದ ಕಾಂಡ ಕೆತ್ತಿ ಮಾಡಿದ ದೋಣಿ, 25ರಿಂದ 40 ಮೀಟರ್ ಉದ್ದ, 40ರಿಂದ 60 ಜನ ಹುಟ್ಟು ಹಾಕುವವರು. ತುದಿಯಲ್ಲಿ ಕುಣಿಯುವ ಮಗುವಿಗೂ ಅಲ್ಲಿ ಒಂದು ಕೆಲಸವಿದೆ, ಹೆಸರಿದೆ: 'ತೊಗಾಕ್ ಲುವಾನ್'. ಅಲುಗಾಡುವ ದೋಣಿಯ ತುದಿಯಲ್ಲಿ ಬೀಳದೆ ನಿಲ್ಲುವುದನ್ನು ಚಿಕ್ಕಂದಿನಿಂದಲೇ ಕಲಿಯಬೇಕು. ದೊಡ್ಡ ಓಟ ನಡೆಯುವುದು ತೆಲುಕ್ ಕ್ವಾಂತಾನ್‌ನಲ್ಲಿ, ಸ್ವಾತಂತ್ರ್ಯ ದಿನವಾದ ಆಗಸ್ಟ್ 17ರ ಆಸುಪಾಸಿಗೆ. ಓಟದ ಹೆಸರು, ಪಕ್ಕದಲ್ಲಿ ಇಸವಿ ಹಾಕಿ ಹುಡುಕಿ, ಪೂರ್ತಿ ಓಟ ನೋಡಿ. ಕಾಮೆಂಟರಿ ಹೇಳುವವನ ಉಸಿರು, ದಂಡೆಯ ಜನರ ಕೂಗು, ಇದ್ಯಾವುದೂ ಆ ಹತ್ತು ಸೆಕೆಂಡಿನ ರೀಲ್‌ನಲ್ಲಿ ಇರಲಿಲ್ಲ.

ರಾತ್ರಿ ಎದ್ದಿರುವವರಿಗೆ

ಕನ್ನಡದವರಿಗೆ ನಾನು ಜೋರಾಗಿ ಹೇಳುವುದು ವಾಯಾಂಗ್ ನೋಡಿ ಅಂತ. ತೊಗಲು ಬೊಂಬೆ, ರಾತ್ರಿಯಿಡೀ ಆಟ, ಮಹಾಭಾರತದ ಕಥೆ. ಜಾವಾದಲ್ಲಿ ಸುಮಾರು 9 ಗಂಟೆಗೆ ಶುರುವಾಗಿ ಬೆಳಗಿನ ಜಾವದ ತನಕ ನಡೆಯುತ್ತದೆ, ಅಂದರೆ ನಮಗೆ ಸಂಜೆ ಏಳೂವರೆಯಿಂದ. ಇದನ್ನು ಯೂಟ್ಯೂಬ್ ಲೈವ್‌ನಲ್ಲಿ ಯುವಕರಿಗೆ ಹತ್ತಿರ ಮಾಡಿದವರಲ್ಲಿ ಯೋಗ್ಯಕರ್ತದ ಬೊಂಬೆಯಾಟಗಾರ ಕಿ ಸೆನೊ ನುಗ್ರೊಹೊ ದೊಡ್ಡ ಹೆಸರು. 2020ರ ನವೆಂಬರ್ 3ರಂದು ತೀರಿಕೊಂಡರು. ವಿದೇಶದಲ್ಲಿ ಕೂಲಿ ಮಾಡುವ ಜಾವಾದವರು ಕೂಡ ರಾತ್ರಿ ಅವರ ಲೈವ್‌ಗೆ ಕಾದು ಕೂರುತ್ತಿದ್ದರು. ಅವರ ಹಳೆಯ ಆಟಗಳೆಲ್ಲ ಹಾಗೇ ಇವೆ.

ಆರೇಳು ಗಂಟೆಯ ವೀಡಿಯೊ ನೋಡಿ ಹೆದರಬೇಡಿ. ಮೊದಲ ಸಲ ಮೂರರಿಂದ ನಾಲ್ಕನೇ ಗಂಟೆಯ ನಡುವೆ ಹುಡುಕಿ, 'ಗೊರೊ ಗೊರೊ' ಅನ್ನುವ ಭಾಗ ಸಿಗುತ್ತದೆ. ಅಲ್ಲಿ ಸೆಮಾರ್, ಗಾರೆಂಗ್, ಪೆತ್ರುಕ್, ಬಾಗೊಂಗ್ ಅನ್ನುವ ನಾಲ್ವರು ಸೇವಕರು ಬರುತ್ತಾರೆ. ಯಕ್ಷಗಾನದಲ್ಲಿ ಹಾಸ್ಯಗಾರನಿಗೆ ಇರುವ ಸಲಿಗೆ ಇವರಿಗೂ ಇದೆ: ರಾಜನಿಗೇ ಎದುರು ಮಾತು, ನಿನ್ನೆಯ ಸುದ್ದಿ, ಮುಂದೆ ಕೂತ ಪ್ರೇಕ್ಷಕನ ಕಾಲೆಳೆಯುವುದು, ಎಲ್ಲ ನಡೆಯುತ್ತದೆ. ಸೆನೊ ಅವರ ಬಾಗೊಂಗ್ ಅಂದರೆ ಜನ ಪ್ರಾಣ ಬಿಡುತ್ತಿದ್ದರು. ಕಾಮೆಂಟ್‌ಗಳಲ್ಲಿ ಯಾರಾದರೂ ಸಮಯ ಗುರುತು ಹಾಕಿದ್ದರೆ ಅದನ್ನೇ ಒತ್ತಿ. ಕಥೆಯಲ್ಲಿ ವ್ಯತ್ಯಾಸಗಳಿವೆ, ಮೊದಲೇ ತಿಳಿದಿರಲಿ. ಜಾವಾದಲ್ಲಿ ಶ್ರೀಕಾಂಡಿ ಅಂದರೆ ಹೆಣ್ಣು, ಬಿಲ್ಲುಗಾರ್ತಿ, ಅರ್ಜುನನ ಹೆಂಡತಿ. ದ್ರೌಪದಿಗೆ ಗಂಡ ಒಬ್ಬನೇ, ಧರ್ಮರಾಯ. ತಪ್ಪು ಹೇಳುತ್ತಿದ್ದಾರೆ ಅಂತ ಕಾಮೆಂಟ್ ಹಾಕಲು ಹೋಗಬೇಡಿ, ಅದು ಅವರ ಮಹಾಭಾರತ.

ರಾತ್ರಿಯ ಇನ್ನೊಂದು ದೊಡ್ಡ ಅಂಗಡಿ ದೆವ್ವದ ಕಥೆ. ಗುರುವಾರ ರಾತ್ರಿ, ಅಂದರೆ ಶುಕ್ರವಾರದ ಹಿಂದಿನ ರಾತ್ರಿ, ದೆವ್ವಗಳು ಓಡಾಡುವ ಹೊತ್ತು ಅನ್ನುವ ನಂಬಿಕೆ ಅಲ್ಲಿದೆ, ಅಂಥ ವೀಡಿಯೊಗಳಿಗೆ ಅದೇ ಹಬ್ಬದ ದಿನ. ಬಂಡುಂಗ್‌ನ ರಿಸಾ ಸಾರಸ್ವತಿಯವರ ಜುರ್ನಲ್‌ರಿಸಾ ಚಾನೆಲ್‌ನಿಂದ ಶುರು ಮಾಡಬಹುದು. ಪಾಳುಬಿದ್ದ ಮನೆಗೆ ರಾತ್ರಿ ಹೋಗುವ ವೀಡಿಯೊಗಳಿಗಿಂತ ಸುಮ್ನೆ ಕೂತು ಕಥೆ ಹೇಳುವವುಗಳೇ ನನಗೆ ಇಷ್ಟ, ಅವುಗಳಲ್ಲಿ ಊರಿನ ಬದುಕು ಜಾಸ್ತಿ ಕಾಣುತ್ತದೆ. ಈ ಕಥೆಗಳ ಶಕ್ತಿ ಎಷ್ಟು ಅಂತ ನೋಡಿ: ಹಳ್ಳಿಗೆ ಸೇವೆಗೆ ಹೋದ ಕಾಲೇಜು ಹುಡುಗರಿಗೆ ಆದದ್ದು ಅಂತ 2019ರಲ್ಲಿ ಒಬ್ಬರು ಟ್ವಿಟರ್‌ನಲ್ಲಿ ಬರೆದ ಸರಣಿ 2022ರಲ್ಲಿ ಸಿನಿಮಾ ಆಯಿತು, 90 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿತು.

ಹಾಡು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಕಿವಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಡಾಂಗ್‌ಡುತ್ ಅನ್ನುವ ಅವರ ಜನಪ್ರಿಯ ಸಂಗೀತದಲ್ಲಿ ಹಿಂದಿ ಸಿನಿಮಾ ಹಾಡಿನ ಪ್ರಭಾವ ಮೊದಲಿನಿಂದಲೂ ಇದೆ, ತಬಲಾದಂಥ ಬಡಿತ ಕೇಳಿದ ಕೂಡಲೇ ಗೊತ್ತಾಗುತ್ತದೆ. 2011ರಲ್ಲಿ ಗೊರೊಂತಾಲೊದ ನಾರ್ಮನ್ ಕಮಾರು ಅನ್ನುವ ಪೊಲೀಸ್ ಪೇದೆ ಯೂನಿಫಾರ್ಮ್‌ನಲ್ಲೇ ಕೂತು 'ಛೈಯ್ಯಾ ಛೈಯ್ಯಾ'ಗೆ ತುಟಿ ಆಡಿಸಿದ ವೀಡಿಯೊ ಅಲ್ಲಿನ ಮೊದಲ ದೊಡ್ಡ ವೈರಲ್‌ಗಳಲ್ಲಿ ಒಂದು. ಈಗ ನೋಡಿದರೂ ಮುಖದಲ್ಲಿ ನಗು ಬರುತ್ತದೆ. ಪೂರ್ವ ಜಾವಾದ ವೇಗದ ಬಡಿತ ಬೇಕಾದರೆ 'ಕೊಪ್ಲೊ' ಅಂತ ಹುಡುಕಿ. ಅಳಬೇಕು ಅನಿಸಿದರೆ ಸೋಲೊದ ದಿದಿ ಕೆಂಪೊತ್. ಎಷ್ಟೋ ವರ್ಷ ಹಳಬರ ಗಾಯಕ ಅನಿಸಿಕೊಂಡಿದ್ದವರು. 2019ರಲ್ಲಿ ಅವರ ಕಾರ್ಯಕ್ರಮಗಳಲ್ಲಿ ಎದೆ ಒಡೆದ ಹುಡುಗರು ನಿಂತಲ್ಲೇ ಅಳುತ್ತಾ ಹಾಡುವ ವೀಡಿಯೊಗಳು ಓಡಿ, ಮೊಮ್ಮಕ್ಕಳ ವಯಸ್ಸಿನವರು ಅಭಿಮಾನಿ ಸಂಘ ಕಟ್ಟಿಕೊಂಡರು. 2020ರ ಮೇ 5ರಂದು ಅವರು ತೀರಿಕೊಂಡಾಗ ದೇಶವೇ ಅತ್ತಿತು.

ಈಗ ಸ್ಟಾರ್‌ಗಳ ಕಡೆಗೆ ಹೋಗಬಹುದು

ಇಷ್ಟು ನೋಡಿ ಬಂದ ಮೇಲೆ ಆ ಪಟ್ಟಿ ಬೇರೆ ಥರ ಕಾಣುತ್ತದೆ. ಅತ್ತಾ ಹಲಿಲಿಂತಾರ್ ಹನ್ನೊಂದು ಮಕ್ಕಳ ಮನೆಯ ಹಿರಿಯ ಮಗ. ಅವನ ವೀಡಿಯೊ ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ 2021ರಲ್ಲಿ ಅವನ ಮದುವೆಗೆ ಅಂದಿನ ಅಧ್ಯಕ್ಷ ಜೊಕೊ ವಿಡೊಡೊ ಬಂದು ಸಾಕ್ಷಿಯಾದರು ಅನ್ನುವುದು ಗೊತ್ತಿದ್ದರೆ ಯೂಟ್ಯೂಬರ್‌ಗಳಿಗೆ ಅಲ್ಲಿ ಎಷ್ಟು ಬೆಲೆ ಅಂತ ತಿಳಿಯುತ್ತದೆ. ಜೆಸ್ ನೊ ಲಿಮಿಟ್ ಅನ್ನುವವನು ಮೇಲೆ ಬಂದದ್ದು ಮೊಬೈಲ್ ಲೆಜೆಂಡ್ಸ್ ಗೇಮ್ ಆಡಿ. ರದಿತ್ಯ ದಿಕಾ ಬ್ಲಾಗ್‌ನಿಂದ ಪುಸ್ತಕಕ್ಕೆ, ಅಲ್ಲಿಂದ 2012ರ ವೆಬ್ ಸರಣಿಗೆ, ಸ್ಟಾಂಡಪ್‌ಗೆ, ಪಾಡ್‌ಕಾಸ್ಟ್‌ಗೆ ಬಂದವರು. ಒಬ್ಬರನ್ನೇ ಹಿಡಿದು ಅಲ್ಲಿನ ಇಂಟರ್ನೆಟ್ಟಿನ ಇತಿಹಾಸ ನೋಡಬೇಕು ಅಂದರೆ ಅವರೇ ಸರಿ. ಸ್ಟಾಂಡಪ್ ಇಷ್ಟವಿದ್ದರೆ ಕೊಂಪಾಸ್ ಟಿವಿಯ ಸ್ಪರ್ಧೆ ನೋಡಿ, 2011ರಿಂದ ನಡೆಯುತ್ತಿದೆ. ಅದರ ಮೊದಲ ಸೀಸನ್ ಗೆದ್ದ ರಯಾನ್ ಆದ್ರಿಯಾಂದಿ 2025ರಲ್ಲಿ 'ಜಂಬೊ' ಅನ್ನುವ ಅನಿಮೇಶನ್ ಸಿನಿಮಾ ನಿರ್ದೇಶಿಸಿದರು, ಅದನ್ನು ಥಿಯೇಟರ್‌ನಲ್ಲಿ ನೋಡಿದವರು ಒಂದು ಕೋಟಿಗೂ ಜಾಸ್ತಿ.

ಪಾಡ್‌ಕಾಸ್ಟ್‌ನಲ್ಲಿ ದೆಡ್ಡಿ ಕೊರ್ಬುಝಿಯೆರ್ ಹೆಸರು ತಪ್ಪಿಸಲು ಆಗುವುದಿಲ್ಲ. ಮೊದಲು ಟಿವಿ ಜಾದೂಗಾರ, ಆಮೇಲೆ ಮಂತ್ರಿಗಳೂ ಬಂದು ಕೂರುವ ಪಾಡ್‌ಕಾಸ್ಟ್, 2025ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವರ ವಿಶೇಷ ಸಿಬ್ಬಂದಿ. ನೋಡುವಾಗ ಇದನ್ನು ತಲೆಯಲ್ಲಿ ಇಟ್ಟುಕೊಂಡೇ ನೋಡಿ. ಪ್ರಶ್ನೆ ಕೇಳುವವನೂ ಉತ್ತರ ಹೇಳುವವನೂ ಒಂದೇ ಕಡೆ ಕೂತಿರಬಹುದು. ಗಟ್ಟಿಯಾದ ಪ್ರಶ್ನೆ ಬೇಕಾದರೆ ನಜ್ವಾ ಶಿಹಾಬ್ ಅವರ ನರಾಸಿ ಚಾನೆಲ್ ಇದೆ.

ಇನ್ನೂ ಗಂಭೀರವಾದದ್ದು ಬೇಕೆಂದರೆ ದಾಂಧಿ ಲಕ್ಸೊನೊ ಅವರ ಎರಡು ಸಾಕ್ಷ್ಯಚಿತ್ರ ಹುಡುಕಿ, ಎರಡೂ ಯೂಟ್ಯೂಬ್‌ನಲ್ಲಿ ಬಿಡುಗಡೆಯಾದವು. ಮೊದಲನೆಯದು 'ಸೆಕ್ಸಿ ಕಿಲ್ಲರ್ಸ್'. ಹೆಸರು ನೋಡಿ ಬೇರೆ ಏನೋ ಅಂದುಕೊಳ್ಳಬೇಡಿ, ಅದು ಕಲ್ಲಿದ್ದಲು ಗಣಿ ಮತ್ತು ಅದರ ಹಿಂದಿನ ರಾಜಕಾರಣಿಗಳ ಬಗ್ಗೆ. 2019ರ ಏಪ್ರಿಲ್ ಚುನಾವಣೆಗೆ ಕೆಲವೇ ದಿನ ಇರುವಾಗ ಬಂತು, ಜನ ಪರದೆ ಕಟ್ಟಿ ಗುಂಪಾಗಿ ನೋಡಿದರು. ಎರಡನೆಯದು 'ಡರ್ಟಿ ವೋಟ್', 2024ರ ಫೆಬ್ರವರಿ 11ಕ್ಕೆ, ಮತದಾನಕ್ಕೆ ಮೂರು ದಿನ ಮೊದಲು. ಮೂವರು ಕಾನೂನು ತಜ್ಞರು ಚಾರ್ಟ್ ಇಟ್ಟುಕೊಂಡು ಮಾತಾಡುತ್ತಾರೆ, ಬೇರೇನೂ ಇಲ್ಲ, ಆದರೂ ಕೋಟಿಗಟ್ಟಲೆ ಸಲ ನೋಡಲ್ಪಟ್ಟಿತು. ಟಿವಿಯನ್ನು ಕಾಯುವ ಪ್ರಸಾರ ಆಯೋಗದ ಕೈ ಯೂಟ್ಯೂಬ್‌ಗೆ ಮುಟ್ಟುವುದಿಲ್ಲ, ಅದಕ್ಕೇ ಇಂಥವು ಅಲ್ಲಿ ಬರುತ್ತವೆ. ಹಾಗಂತ ಪೂರ್ತಿ ಸ್ವಾತಂತ್ರ್ಯವೂ ಇಲ್ಲ. 2008ರ ಐಟಿಇ ಅನ್ನುವ ಇಂಟರ್ನೆಟ್ ಕಾಯ್ದೆಯಲ್ಲಿ ಮಾನನಷ್ಟದ ಕೇಸು ಬೀಳಬಹುದು ಅನ್ನುವ ಭಯ ಎಲ್ಲರಿಗೂ ಇದೆ.

ಆಟ, ಊಟ ಮತ್ತು ರಂಜಾನ್

ಮೊಬೈಲ್ ಲೆಜೆಂಡ್ಸ್ ಇಲ್ಲಿ ಬ್ಯಾನ್, ಆದರೆ ಅದೇ ಗೇಮಿನ ಅಲ್ಲಿನ ಎಂಪಿಎಲ್ ಲೀಗ್ ಯೂಟ್ಯೂಬ್‌ನಲ್ಲಿ ನೋಡಬಹುದು. ಒಂದು ತಂಡ ಆರಿಸಿಕೊಳ್ಳಿ: ಆರ್‌ಆರ್‌ಕ್ಯೂ, ಎವೋಸ್, ಓನಿಕ್. 2019ರ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಎರಡೂ ಇಂಡೋನೇಷ್ಯಾದ ತಂಡಗಳೇ, ಎವೋಸ್ ಗೆದ್ದಿತು. ಅನಿಮೆ ಥರದ ವಿಟ್ಯೂಬರ್ (ಮುಖದ ಬದಲು ಅನಿಮೇಶನ್ ಪಾತ್ರವಾಗಿ ಕಾಣಿಸಿಕೊಳ್ಳುವವರು) ಬೇಕಾದರೆ ಹೊಲೊಲೈವ್ ಇಂಡೋನೇಷ್ಯಾ ಇದೆ. ಅವರು ಇಂಗ್ಲಿಷ್, ಜಪಾನೀಸ್ ಬೆರೆಸಿ ಮಾತಾಡುವುದರಿಂದ ಹೊಸಬರಿಗೆ ಸುಲಭ.

ಊಟದ ವೀಡಿಯೊಗೆ ನೆಕ್ಸ್ ಕಾರ್ಲೋಸ್ ನೋಡಿ, ಬೀದಿ ಬದಿಯ ಅಂಗಡಿಗಳು, ಊರೂರು ಸುತ್ತಾಟ. ಬೆಲೆ ಕೇಳಿ ಗಾಬರಿಯಾಗಬೇಡಿ, 'ರಿಬು' ಅಂದರೆ ಸಾವಿರ. ನಮ್ಮ ಒಂದು ರೂಪಾಯಿಗೆ ಸುಮಾರು 180ರಿಂದ 200 ರೂಪಿಯಾ, ಹಾಗಾಗಿ ಇಪ್ಪತ್ತು ಸಾವಿರದ ಊಟ ಅಂದರೆ ನೂರು ರೂಪಾಯಿ ಚಿಲ್ಲರೆ.

ವರ್ಷದಲ್ಲಿ ಒಂದೇ ತಿಂಗಳು ಸಮಯ ಕೊಡಬಲ್ಲೆ ಅನ್ನುವವರು ರಂಜಾನ್ ಆರಿಸಿಕೊಳ್ಳಿ. ಉಪವಾಸ ಬಿಡುವ ಮೊದಲು ಸಂಜೆ ಹೊತ್ತು ಕಳೆಯಲು ಒಂದಷ್ಟು ವೀಡಿಯೊ, ಬೆಳಗಿನ ಜಾವದ ಊಟದ ಹೊತ್ತಿಗೆ ಲೈವ್, ಸಿನಿಮಾದಂತೆ ತೆಗೆದ ಶರಬತ್ತಿನ ಜಾಹೀರಾತು, ಹಬ್ಬಕ್ಕೆ ಊರಿಗೆ ಹೋಗುವವರ ಬಸ್ ವ್ಲಾಗ್. 2025ರಲ್ಲಿ ಮಕ್ಕಳ ಬಾಯಲ್ಲೆಲ್ಲ ಓಡಾಡಿದ 'ತುಂಗ್ ತುಂಗ್ ತುಂಗ್ ಸಹೂರ್' ಅನ್ನುವ ಎಐ ಮರದ ಬೊಂಬೆ ಕೂಡ ಇಲ್ಲಿಂದ ಬಂದದ್ದೇ. ನಸುಕಿನಲ್ಲಿ ಊಟಕ್ಕೆ ಎಬ್ಬಿಸಲು ಹುಡುಗರು ಬೀದಿಯಲ್ಲಿ ಬಡಿಯುತ್ತಾ ಹೋಗುವ ಸದ್ದು ಅದು.

ದುಡ್ಡು, ಕಾಮೆಂಟ್, ಲಿಂಕ್

ಲೈವ್‌ನಲ್ಲಿ ಗಿಫ್ಟ್ ಕಳಿಸುವುದು ಅಲ್ಲಿ ಸಾಮಾನ್ಯ. ಡಾಂಗ್‌ಡುತ್ ಗಾಯಕಿಗೆ ವೇದಿಕೆಯಲ್ಲೇ ನೋಟು ಕೊಡುವ ರೂಢಿ ಮೊದಲಿಂದಲೂ ಇದೆ, ಅದೇ ಫೋನಿಗೆ ಬಂತು. ಆದರೆ 2023ರ ಜನವರಿಯಲ್ಲಿ ಲೊಂಬೊಕ್‌ನ ಅಜ್ಜಿಯರು ಗಂಟೆಗಟ್ಟಲೆ ಕೆಸರು ನೀರಲ್ಲಿ ಕೂತು, ಗಿಫ್ಟ್ ಬಂದಂತೆ ತಲೆ ಮೇಲೆ ನೀರು ಸುರಿದುಕೊಳ್ಳುವ ಲೈವ್‌ಗಳು ಬಂದವು. ಸಮಾಜ ಕಲ್ಯಾಣ ಸಚಿವೆ ಸುತ್ತೋಲೆ ಹೊರಡಿಸಿ ತಡೆಯಬೇಕಾಯಿತು. ಇಂಥದ್ದು ಕಂಡರೆ ಒಂದು ಪೈಸೆ ಕಳಿಸಬೇಡಿ, ನೋಡುತ್ತಲೂ ಕೂರಬೇಡಿ, ನೋಡುವವರ ಸಂಖ್ಯೆಯೇ ಅದಕ್ಕೆ ಬಂಡವಾಳ. ಬಡವರಿಗೆ ಕಸ ತುಂಬಿದ ಡಬ್ಬಿ ಕೊಟ್ಟು ನಗುವಂಥ ಪ್ರಾಂಕ್‌ಗಳಿಗೂ ಇದೇ ಮಾತು. ಇಷ್ಟದ ಚಾನೆಲ್‌ಗೆ ನೆರವಾಗಬೇಕು ಅಂದರೆ ಯೂಟ್ಯೂಬ್‌ನ ಸೂಪರ್ ಥ್ಯಾಂಕ್ಸ್ ಅಥವಾ ಮೆಂಬರ್‌ಶಿಪ್ ಸಾಕು. ಅಲ್ಲಿನವರು ಬಳಸುವ ಸಾವೆರಿಯಾ ಥರದ ಸೈಟ್‌ಗಳಿಗೆ ಅವರ ದೇಶದ ಇ-ವ್ಯಾಲೆಟ್ ಬೇಕು.

ಕಾಮೆಂಟ್‌ನಲ್ಲಿ ಡಬ್ಲ್ಯು, ಕೆ ಅಕ್ಷರಗಳು ಸಾಲಾಗಿ ಕಂಡರೆ ಅವರು ನಗುತ್ತಿದ್ದಾರೆ ಅಂತ. ನೀವು ಬರೆಯುವಾಗ ಹೆಸರಿನ ಮುಂದೆ 'ಕಾಕ್' ಸೇರಿಸಿ, ಅಕ್ಕ ಅಣ್ಣ ಇಬ್ಬರಿಗೂ ನಡೆಯುತ್ತದೆ, ಬರೀ ಹೆಸರು ಹಿಡಿದು ಕರೆದರೆ ಒರಟಾಗಿ ಕೇಳಿಸುತ್ತದೆ. ಯಾವ ಊರಿಂದ ನೋಡುತ್ತಿದ್ದೀರಿ ಅಂತ ಇಂಗ್ಲಿಷ್‌ನಲ್ಲಾದರೂ ಬರೆಯಿರಿ, ಪ್ರೀತಿಯಿಂದ ಉತ್ತರಿಸುತ್ತಾರೆ. ಜಗಳಕ್ಕೆ ಮಾತ್ರ ಇಳಿಯಬೇಡಿ. 2021ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಸಮೀಕ್ಷೆ ಆಗ್ನೇಯ ಏಷ್ಯಾದಲ್ಲಿ ಆನ್‌ಲೈನ್ ಸಭ್ಯತೆ ಅತಿ ಕಡಿಮೆ ಇರುವುದು ಇಂಡೋನೇಷ್ಯಾದಲ್ಲಿ ಅಂದಿತ್ತು, ಆಗ ಅಲ್ಲಿನ ಜನ ಮುಗಿಬಿದ್ದು ಆ ಕಂಪನಿಯೇ ಇನ್‌ಸ್ಟಾಗ್ರಾಂ ಕಾಮೆಂಟ್ ಮುಚ್ಚಬೇಕಾಯಿತು.

ಕಾಮೆಂಟ್‌ಗಳ ನಡುವೆ ವಿಚಿತ್ರ ದಪ್ಪ ಅಕ್ಷರದಲ್ಲಿ ಯಾವುದೋ ಹೆಸರು ಹೊಗಳಿ ಬರೆದಿರುತ್ತಾರೆ, ಅದು ಆನ್‌ಲೈನ್ ಜೂಜಿನ ಜಾಹೀರಾತು. ಫಿಲ್ಟರ್‌ಗೆ ಸಿಗದಿರಲಿ ಅಂತ ಅಕ್ಷರ ಬದಲಿಸಿರುತ್ತಾರೆ. ಮುಟ್ಟಬೇಡಿ, ರಿಪೋರ್ಟ್ ಒತ್ತಿ. 'ವೈರಲ್ ವೀಡಿಯೊದ ಪೂರ್ತಿ ಲಿಂಕ್' ಅಂತ ಬರುವವೂ ಹಾಗೇ, ಎಷ್ಟೋ ಸಲ ಯಾರದೋ ಖಾಸಗಿ ವೀಡಿಯೊ ಹೆಸರಲ್ಲಿ ಹಾಕಿದ ಬಲೆ, ಒಳಗೆ ವೈರಸ್ಸೋ ಪಾಸ್‌ವರ್ಡ್ ಕದಿಯುವ ಪುಟವೋ ಇರುತ್ತದೆ. ಸರಣಿ, ಸಿನಿಮಾ ಬೇಕಾದರೆ ನೆಟ್‌ಫ್ಲಿಕ್ಸ್‌ನಲ್ಲಿ ಇಂಡೋನೇಷ್ಯನ್ ಅಂತ ಹುಡುಕಿ. ಅವರದೇ ಆದ 'ವಿಡಿಯೊ' (Vidio) ಅನ್ನುವ ಹೆಸರಿನ ಆ್ಯಪ್ ಕೂಡ ಇದೆ, 2014ರಿಂದ. ಅದರಲ್ಲಿ ಕೆಲವು ಕಾರ್ಯಕ್ರಮ ಹೊರದೇಶಕ್ಕೆ ತೆರೆಯುವುದಿಲ್ಲ. ತೆರೆಯದಿದ್ದರೆ ಅದೇ ಸರಣಿಯ ಹೆಸರನ್ನು ಯೂಟ್ಯೂಬ್‌ನಲ್ಲಿ ಹುಡುಕಿ, ನಿರ್ಮಾಪಕರೇ ಮೊದಲ ಕಂತನ್ನೋ ತುಣುಕುಗಳನ್ನೋ ಹಾಕಿರುವುದುಂಟು.